ಡಾಕ್ಟರ್ ರಜೆ ಕೊಟ್ಟರು, ಅಡುಗೆಮನೆ ಕೊಡುತ್ತಾ?

ಬ್ಲೌಸ್ ಹೊಲಿಸಲು ಹೋದಾಗ ನೀವೂ ಈ ಮಾತು ಹೇಳಿರಬಹುದು: "ತೋಳು ಮೊಣಕೈವರೆಗೂ ಇರಲಿ, ಮೇಲೆಲ್ಲಾ ಜೋತು ಬೀಳುತ್ತೆ." ವಾಕಿಂಗ್, ಡಯೆಟ್ ಅಂತ ಒದ್ದಾಡಿ ಹದಿನೈದು-ಇಪ್ಪತ್ತು ಕಿಲೋ ಇಳಿಸಿದವರಿಗೂ ಈ ಕಾಟ ತಪ್ಪಿದ್ದಲ್ಲ. ಕೊಬ್ಬೇನೋ ಕರಗುತ್ತದೆ, ಹಿಗ್ಗಿದ ಚರ್ಮ ಹಾಗೇ ಉಳಿಯುತ್ತದೆ. ಡಂಬೆಲ್ ಎತ್ತಿದರೆ ಒಳಗಿನ ಸ್ನಾಯು ಗಟ್ಟಿಯಾದೀತು, ಆದರೆ ತುಂಬಾ ಜೋತುಬಿದ್ದ ಚರ್ಮ ಮೊದಲಿನಂತೆ ಕುಗ್ಗುವುದಿಲ್ಲ. ಆಗಲೇ ಯಾರಾದರೂ ಗೆಳತಿ ಕಿವಿಯಲ್ಲಿ ಹೇಳುತ್ತಾಳೆ, "ಅದಕ್ಕೂ ಸರ್ಜರಿ ಇದೆಯಂತೆ ಕಣೇ!"

ಹೌದು, ಇದೆ. ಆರ್ಮ್ ಲಿಫ್ಟ್ ಎನ್ನುತ್ತಾರೆ. ವೈದ್ಯರ ಭಾಷೆಯಲ್ಲಿ ಬ್ರೇಕಿಯೋಪ್ಲಾಸ್ಟಿ. ಮಾಡಿಸಿಕೊಳ್ಳಿ ಎಂದಾಗಲೀ, ಬೇಡ ಎಂದಾಗಲೀ ನಾನು ಹೇಳುವುದಿಲ್ಲ. ತೋಳು ನಿಮ್ಮದು, ನಿರ್ಧಾರವೂ ನಿಮ್ಮದೇ. ನನ್ನ ತಕರಾರು ಬೇರೆ. 'ಎಷ್ಟು ದಿನಕ್ಕೆ ಕೆಲಸಕ್ಕೆ ಹೋಗಬಹುದು?' ಎಂಬ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಗೃಹಿಣಿಯ ಲೆಕ್ಕವೇ ಇರುವುದಿಲ್ಲ!

ಎರಡು ವಾರ ಅಂದರೆ ಯಾರಿಗೆ?

ಸಾಮಾನ್ಯವಾಗಿ ಹೇಳುವುದು ಒಂದರಿಂದ ಎರಡು ವಾರ. ಅದು ಸುಳ್ಳಲ್ಲ. ಆದರೆ ಅದು ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ಕೀ ಒತ್ತುವವರ ಲೆಕ್ಕ. ಭಾರ ಎತ್ತುವ, ಎಳೆಯುವ, ಕೈ ಮೇಲೆತ್ತಿ ಮಾಡುವ ಕೆಲಸಕ್ಕೆ ನಾಲ್ಕರಿಂದ ಆರು ವಾರ ಬೇಕು. ಕೆಲವರಿಗೆ ಇನ್ನೂ ಹೆಚ್ಚು.

ಈಗ ಹೇಳಿ, ನಮ್ಮ ಕೆಲಸ ಯಾವುದು? ಹದಿನೈದು ಲೀಟರ್ ಬಕೆಟ್ ತುಂಬಾ ನೀರಿದ್ದರೆ ಹದಿನೈದು ಕಿಲೋ. ಗ್ಯಾಸ್ ಸಿಲಿಂಡರಿನಲ್ಲಿ ಬರೀ ಗ್ಯಾಸೇ 14.2 ಕಿಲೋ, ಕಬ್ಬಿಣದ ತೂಕವೂ ಸೇರಿದರೆ ಮೂವತ್ತರ ಹತ್ತಿರ. ಗ್ರೈಂಡರಿನ ಕಲ್ಲು ಎತ್ತಬೇಕು, ಒದ್ದೆ ಬೆಡ್‌ಶೀಟ್ ಹಿಂಡಿ ಹರವಬೇಕು, ಮುದ್ದೆ ತಿರುವಬೇಕು, ಅಟ್ಟದಿಂದ ಡಬ್ಬ ಇಳಿಸಬೇಕು. ಇದರಲ್ಲಿ ಯಾವುದು ಕುರ್ಚಿ ಕೆಲಸ? 2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲೇ ಕಳೆಯುತ್ತಾರೆ. ಮನೆಗೆಲಸ ಮಾಡುವ ಗಂಡಸರದು 88 ನಿಮಿಷ. ಹೀಗಿದ್ದೂ ಆಸ್ಪತ್ರೆಯಲ್ಲಿ "ನೀವೇನು ಕೆಲಸ ಮಾಡ್ತೀರಿ?" ಎಂದು ಕೇಳಿದರೆ ನಾವು ಹೇಳುವುದೇನು? "ಏನಿಲ್ಲ ಡಾಕ್ಟ್ರೇ, ಮನೇಲೇ ಇರ್ತೀನಿ." ಎಡವಟ್ಟು ಶುರುವಾಗುವುದೇ ಇಲ್ಲಿ!

ಗಾಯಕ್ಕೆ ಕಾರಣ ಗೊತ್ತಿಲ್ಲ

ನನ್ನ ಪರಿಚಯದ ಒಬ್ಬರು ಈ ಸರ್ಜರಿ ಮಾಡಿಸಿಕೊಂಡು ಹನ್ನೆರಡನೇ ದಿನಕ್ಕೆ ಬಾತ್‌ರೂಮಿನಿಂದ ಬಕೆಟ್ ಎತ್ತಿದರು. ಕಂಕುಳ ಹತ್ತಿರ ಹೊಲಿಗೆ ಬಿಟ್ಟುಕೊಂಡಿತು. ಆಮೇಲೆ ವಾರಗಟ್ಟಲೆ ಡ್ರೆಸ್ಸಿಂಗ್. "ಯಾಕ್ರೀ ಎತ್ತಿದ್ರಿ?" ಅಂದರೆ ಅವರು ಹೇಳಿದ ಮಾತು ಇವತ್ತಿಗೂ ಚುಚ್ಚುತ್ತದೆ. "ಕಾಯಿಲೆ ಅಂತ ಮಲಗಿದ್ದರೆ ಕೇಳಬಹುದಿತ್ತು. ಇದು ನಾನೇ ಆಸೆಪಟ್ಟು ಮಾಡಿಸ್ಕೊಂಡಿದ್ದು. ಯಾವ ಬಾಯಲ್ಲಿ ಕೇಳಲಿ?"

ಇದೇ ನೋಡಿ ಅಸಲಿ ರೋಗ. ಬಾಣಂತನಕ್ಕೆ ಮೂರು ತಿಂಗಳು ತವರಲ್ಲಿ ಮಲಗಿದರೆ ಯಾರೂ ಏನೂ ಅನ್ನುವುದಿಲ್ಲ. ಅಪೆಂಡಿಕ್ಸ್ ಆಪರೇಷನ್ ಆದರೂ ಮನೆಯವರು ಗಂಜಿ ತಂದುಕೊಡುತ್ತಾರೆ. ತೋಳಿನ ಸರ್ಜರಿ ಮಾತ್ರ 'ಶೋಕಿ'! ಆ ಅಪವಾದ ತೊಳೆದುಕೊಳ್ಳಲು ಹೆಂಗಸು ನಾಲ್ಕನೇ ದಿನಕ್ಕೇ ಸೆರಗು ಸಿಕ್ಕಿಸಿ ಒಲೆ ಮುಂದೆ ನಿಲ್ಲುತ್ತಾಳೆ. ಆದರೆ ಹೊಲಿಗೆಗೆ ಗೊತ್ತಾ, ಇದು ಶೋಕಿಯ ಗಾಯವೋ ಕಾಯಿಲೆಯ ಗಾಯವೋ ಅಂತ? ಸಾಮಾನ್ಯವಾಗಿ ಕಂಕುಳಿನಿಂದ ಮೊಣಕೈ ಹತ್ತಿರದವರೆಗೆ, ಎರಡೂ ತೋಳಿನ ಒಳಬದಿಯಲ್ಲಿ ಉದ್ದಕ್ಕೆ ಕೊಯ್ದು, ಹೆಚ್ಚಿನ ಚರ್ಮ ತೆಗೆದು ಹೊಲಿದಿರುತ್ತಾರೆ. ಅದು ಕೂಡಿಕೊಳ್ಳಲು ಬೇಕಾದಷ್ಟು ಸಮಯ ಬೇಕೇ ಬೇಕು.

ದಿನದ ಲೆಕ್ಕ ಹೀಗಿದೆ

ಮೊದಲ ಮೂರು-ನಾಲ್ಕು ದಿನ ನೋವು, ಊತ, ಬಿಗಿತ ಇರುತ್ತದೆ. ಕೈಗಳನ್ನು ದಿಂಬಿನ ಮೇಲಿಟ್ಟುಕೊಂಡು ಒರಗಿ. ನೀರು ಇಳಿಯಲು ಸಣ್ಣ ಪೈಪ್ ಹಾಕಿದ್ದರೆ ಕೆಲವು ದಿನಗಳಲ್ಲಿ ತೆಗೆಯುತ್ತಾರೆ. ಹಾಗಂತ ಇಡೀ ದಿನ ಮಲಗಿರಬೇಡಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮನೆಯೊಳಗೇ ಆಗಾಗ ಓಡಾಡಿ.

ಎರಡನೇ ವಾರದ ಹೊತ್ತಿಗೆ ಊಟ, ಫೋನು, ಪುಸ್ತಕ ಇಷ್ಟಕ್ಕೆ ತೊಂದರೆ ಇಲ್ಲ. ಕೂತು ಸೊಪ್ಪು ಬಿಡಿಸಬಹುದು. ಡಾಕ್ಟರ್ ಹೇಳುವವರೆಗೆ ಕೈ ಭುಜಕ್ಕಿಂತ ಮೇಲೆ ಹೋಗಬಾರದು. ಅಂದರೆ ಜಡೆ ಹೆಣೆದುಕೊಳ್ಳುವುದೂ ಬೇಡ, ಅಟ್ಟಕ್ಕೆ ಕೈ ಚಾಚುವುದೂ ಬೇಡ. ಆಫೀಸಿಗೆ ಹೋಗುವವರೂ ಅಷ್ಟೆ: ಮೆಟ್ರೊದಲ್ಲಿ ಮೇಲಿನ ಪಟ್ಟಿ ಹಿಡಿದು ನಿಲ್ಲುವ ಸಾಹಸ ಬೇಡ, ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೇರಿಸುವುದು ಬೇಡ. ನೋವಿಲ್ಲದೆ ಥಟ್ಟನೆ ಬ್ರೇಕ್ ಹಿಡಿಯಲು ಆಗುವವರೆಗೂ ಸ್ಕೂಟರ್ ಕೀ ಗೋಡೆಗೇ ಇರಲಿ.

ಒಟ್ಟು ನಾಲ್ಕಾರು ವಾರ ತೋಳಿಗೆ ಬಿಗಿಯಾದ ಪಟ್ಟಿಯ ಉಡುಪು ಹಾಕಲು ಹೇಳಬಹುದು. ನಮ್ಮ ಸೆಕೆಗೆ ಅದೊಂದು ಶಿಕ್ಷೆಯೇ. ಏಪ್ರಿಲ್-ಮೇ ಬಿಟ್ಟು ದಿನ ಗೊತ್ತುಮಾಡಿದರೆ ಸ್ವಲ್ಪ ಹಿತ. ಬಕೆಟ್, ಸಿಲಿಂಡರ್, ಗ್ರೈಂಡರ್, ಮಗುವನ್ನು ಎತ್ತಿಕೊಳ್ಳುವುದು ಎಲ್ಲವೂ ಆರು ವಾರದ ನಂತರ, ಅದೂ ಡಾಕ್ಟರ್ ನೋಡಿ ಹೂಂ ಅಂದಮೇಲೆ.

ಇನ್ನು ಗಾಯದ ಗುರುತು. ಅದು ಪೂರ್ತಿ ಹೋಗುವುದಿಲ್ಲ, ಇದನ್ನು ಮೊದಲೇ ಒಪ್ಪಿಕೊಳ್ಳಿ. ಮೊದಲ ಕೆಲವು ತಿಂಗಳು ಕೆಂಪಾಗಿ, ದಪ್ಪವಾಗಿ ಕಾಣಬಹುದು. ಮಾಗಲು ವರ್ಷ ಹಿಡಿಯುತ್ತದೆ, ಕೆಲವೊಮ್ಮೆ ಹೆಚ್ಚೂ ಆದೀತು. ಕಿವಿ ಚುಚ್ಚಿಸಿದ ಜಾಗ ಗಂಟಾಗಿ ಬೆಳೆದಿದ್ದವರು ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ, ಅದು ಕೀಲಾಯ್ಡ್ ಇರಬಹುದು. ತೋಳಿನ ಕೆಲವು ಕಡೆ ಸ್ಪರ್ಶ ತಿಳಿಯದೆ ಜೋಮು ಹಿಡಿದಂತಿರಬಹುದು. ಅದು ಬಹಳಷ್ಟು ಜನರಿಗೆ ನಿಧಾನವಾಗಿ ಸರಿಹೋಗುತ್ತದೆ, ಕೆಲವರಿಗೆ ಉಳಿದುಬಿಡುವುದೂ ಉಂಟು.

ಒಂದು ತೋಳು ಇದ್ದಕ್ಕಿದ್ದಂತೆ ಹೆಚ್ಚು ಊದಿದರೆ, ಗಾಯ ಬಿಸಿಯಾಗಿ ಕೆಂಪಗಾದರೆ, ಕೀವು ಬಂದರೆ, ಜ್ವರ ಬಂದರೆ "ನಾಳೆ ನೋಡೋಣ" ಅನ್ನಬೇಡಿ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮೀನಖಂಡ ಊದಿ ನೋವು ಬಂದರೆ, ಎದೆನೋವು, ಉಸಿರಾಟದ ಕಷ್ಟ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮೊದಲು ಮನೆಯಿಂದ ರಜೆ

* ಡಾಕ್ಟರ್ ಹತ್ತಿರ 'ಮನೇಲೇ ಇರ್ತೀನಿ' ಎನ್ನಬೇಡಿ. ಬಕೆಟ್, ಗ್ರೈಂಡರ್, ಮಗು, ಅತ್ತೆಯವರನ್ನು ಎಬ್ಬಿಸಿ ಕೂರಿಸುವುದು, ಎಲ್ಲವನ್ನೂ ಪಟ್ಟಿ ಮಾಡಿ ತೋರಿಸಿ. ಒಂದೊಂದಕ್ಕೂ ದಿನ ಕೇಳಿ ಬರೆದುಕೊಳ್ಳಿ.

* ಸರ್ಜರಿ ಖರ್ಚಿನಲ್ಲಿ ಆರು ವಾರದ ಅಡುಗೆಯವರ ಸಂಬಳವನ್ನೂ ಸೇರಿಸಿ. ಅಷ್ಟಕ್ಕೆ ಹಣ ಸಾಲದಿದ್ದರೆ ಸರ್ಜರಿಯನ್ನೇ ಮುಂದೆ ಹಾಕಿ. ಅಂದಕ್ಕಾಗಿ ಮಾಡಿಸುವ ಸರ್ಜರಿಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ.

* ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರೆಯ ಹಿಂದೆಮುಂದೆ ದಿನ ಇಟ್ಟುಕೊಳ್ಳಬೇಡಿ. ಹಬ್ಬ ಬಂದರೆ ನಿಮ್ಮ ಕೈ ಸುಮ್ಮನಿರುವುದಿಲ್ಲ!

* ಮುಂದೆ ಗುಂಡಿಯಿರುವ, ಅಗಲ ತೋಳಿನ ನೈಟಿಗಳನ್ನು ಮೊದಲೇ ಹೊಲಿಸಿಡಿ. ದಿನಬಳಕೆಯ ಡಬ್ಬಗಳನ್ನೆಲ್ಲ ಸೊಂಟದ ಎತ್ತರಕ್ಕೆ ಇಳಿಸಿಡಿ.

* ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ತೂಕ ಕೆಲವು ತಿಂಗಳಿಂದ ಒಂದೇ ಮಟ್ಟದಲ್ಲಿರಲಿ. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಡಾಕ್ಟರಿಗೆ ಹೇಳಿ.

* ಡಿಸ್ಕೌಂಟ್ ಜಾಹೀರಾತು ನೋಡಿ ಹೋಗಬೇಡಿ. ಪ್ಲಾಸ್ಟಿಕ್ ಸರ್ಜರಿಯಲ್ಲೇ ಓದಿದವರಾ, ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದ್ದಾರಾ, ತುರ್ತು ನಿಗಾ ಘಟಕ ಇದೆಯಾ, ವಿಚಾರಿಸಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಂಡ ಎಳೆ ವಯಸ್ಸಿನ ಕಿರುತೆರೆ ನಟಿ ತೀರಿಕೊಂಡ ಸುದ್ದಿ ನೆನಪಿರಲಿ.

ಕೊನೆಯದಾಗಿ, ಮನೆಯವರನ್ನು ಕೂರಿಸಿಕೊಂಡು ಮೊದಲೇ ಹೇಳಿಬಿಡಿ: "ಆರು ವಾರ ನನ್ನ ಕೈ ಲೆಕ್ಕಕ್ಕಿಲ್ಲ." ಯಾರು ಬಕೆಟ್ ಎತ್ತುತ್ತಾರೆ, ಯಾರು ಬಟ್ಟೆ ಹರವುತ್ತಾರೆ, ಯಾರು ಮಗುವಿಗೆ ಡಬ್ಬಿ ಕಟ್ಟುತ್ತಾರೆ, ಅವತ್ತೇ ತೀರ್ಮಾನವಾಗಲಿ. ಅವರು ಒಪ್ಪಿದರೆ ಸರಿ. "ಇಷ್ಟಕ್ಕೆಲ್ಲಾ ಯಾಕೆ ಬೇಕಿತ್ತು?" ಎಂದು ಮುಖ ಸಿಂಡರಿಸಿದರೆ, ಆಪರೇಷನ್ ಥಿಯೇಟರಿಗೆ ಹೋಗುವ ಮುಂಚೆಯೇ ನಿಮಗೊಂದು ವಿಷಯ ಗೊತ್ತಾದ ಹಾಗಾಯಿತು.

ಅಂದ ಹಾಗೆ, ಪಕ್ಕದ ಮನೆಯವರು ಕೇಳಿದರೆ ಮುಚ್ಚುಮರೆ ಯಾಕೆ? "ತೋಳಿನ ಆಪರೇಷನ್ ಆಗಿದೆ ಕಣ್ರೀ, ರಜೆಯಲ್ಲಿದ್ದೀನಿ" ಅಂತ ಹೇಳಿ. ಮದುವೆಯಾದಾಗಿನಿಂದ ನೀವು ಆ ಮಾತು ಎಷ್ಟು ಸಲ ಹೇಳಿದ್ದೀರಿ, ಸ್ವಲ್ಪ ಲೆಕ್ಕ ಹಾಕಿ ನೋಡಿ.