ಮಳೆಯ ಚಾರ್ಟಿಗೆ ಅಳತೆ ಒಂದೇ ಇರಲಿ

ಲಿಂಗದಹಳ್ಳಿ ಹೋಬಳಿಯ ಒಂದು ಮಗ್ಗುಲಲ್ಲಿ ಕೆಮ್ಮಣ್ಣುಗುಂಡಿಯ ಬೆಟ್ಟಸಾಲು, ಇನ್ನೊಂದು ಮಗ್ಗುಲಲ್ಲಿ ಬಯಲು. ಕಲ್ಲತ್ತಿಗಿರಿಯ ಕಡೆ ಬಿಟ್ಟೂಬಿಡದೆ ಸುರಿಯುವ ದಿನ ಅಜ್ಜಂಪುರದ ಈರುಳ್ಳಿ ಹೊಲಕ್ಕೆ ನಾಲ್ಕು ಹನಿ ಬೀಳದಿದ್ದರೂ ಇಲ್ಲಿ ಯಾರಿಗೂ ಅಚ್ಚರಿಯಿಲ್ಲ. ಈ ವ್ಯತ್ಯಾಸ ಕಣ್ಣಿಗೆ ಕಾಣುವಂತೆ ಮಾಡಲೆಂದೇ ಚಾರ್ಟ್ ಇರುವುದು. ಆದರೆ ಸಭೆಗಳಲ್ಲಿ ತೋರಿಸುವ, ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಎಷ್ಟೋ ಮಳೆ ಚಾರ್ಟುಗಳಲ್ಲಿ ಅದೇ ಅಳಿಸಿಹೋಗಿರುತ್ತದೆ. ಅಂಕಿಗಳು ಸರಿಯಾಗಿಯೇ ಇರುತ್ತವೆ. ತಪ್ಪಿರುವುದು ಚಿತ್ರದ ಅಳತೆ.

ಒಂದು ಊರಿನಲ್ಲಿ ತಿಂಗಳಿಗೆ 400 ಮಿಲಿಮೀಟರ್ ಮಳೆ, ಇನ್ನೊಂದರಲ್ಲಿ 80 ಎಂದಿಟ್ಟುಕೊಳ್ಳಿ. ಎರಡಕ್ಕೂ ಎಕ್ಸೆಲ್‌ನಲ್ಲಿ ಬೇರೆ ಬೇರೆ ಚಾರ್ಟ್ ತೆಗೆದರೆ ಮೊದಲನೆಯದರ ಎಡಬದಿಯ ಆಕ್ಸಿಸ್ 450ರ ಆಸುಪಾಸಿಗೆ ನಿಲ್ಲುತ್ತದೆ, ಎರಡನೆಯದರದು 90ರ ಆಸುಪಾಸಿಗೆ. ಎರಡೂ ಕಂಬಗಳು ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ಹಿಂದಿನ ಸಾಲಿನಲ್ಲಿ ಕೂತ ರೈತನಿಗೆ ಪಕ್ಕದ ಸಣ್ಣ ಅಂಕಿ ಕಾಣುವುದಿಲ್ಲ, ಕಂಬದ ಎತ್ತರವಷ್ಟೇ ಕಾಣುತ್ತದೆ. ಬಯಲಿನ ಊರಿಗೂ ಬೆಟ್ಟದ ಬುಡದ ಊರಿಗೂ ಸಮಸಮ ಮಳೆಯಾಗಿದೆ ಎಂದೇ ಆತ ಎದ್ದು ಹೋಗುತ್ತಾನೆ. ಫಾರ್ಮ್ಯಾಟ್ ಆಕ್ಸಿಸ್‌ಗೆ ಹೋಗಿ ಎರಡಕ್ಕೂ ಮಿನಿಮಮ್ 0, ಮ್ಯಾಕ್ಸಿಮಮ್ 450 ಎಂದು ಕೈಯಾರೆ ಹಾಕಿ, ಎರಡು ಚಾರ್ಟಿನ ಎತ್ತರವನ್ನೂ ಸೆಂಟಿಮೀಟರ್‌ನಲ್ಲಿ ಒಂದೇ ಮಾಡಿದರೆ ಕೆಲಸ ಮುಗಿಯಿತು. ಅರ್ಧ ನಿಮಿಷದ ಕೆಲಸ ಇದು.

ಈ ಅರ್ಧ ನಿಮಿಷಕ್ಕೆ ಯಾಕಿಷ್ಟು ಒತ್ತು ಎಂದರೆ, ಮಳೆಯ ಅಂಕಿಯ ಮೇಲೆ ಈಗ ಹಣ ನಿಂತಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟಕ್ಕೆ ಬಂದಿವೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಗೆ ಇಂಥ ಅಂಕಿಗಳೇ ಆಧಾರ. ನಮ್ಮ ಪಂಚಾಯಿತಿಗೆ ಎಷ್ಟು, ಪಕ್ಕದ್ದಕ್ಕೆ ಎಷ್ಟು ಎಂದು ರೈತ ಕೇಳಿದಾಗ ಮುಂದಿಡುವ ಚಿತ್ರ ನಂಬುವಂತಿರಬೇಕು.

ಬೆಲೆಯ ಚಾರ್ಟಿನಲ್ಲಿ ತಪ್ಪು ತಿರುವುಮುರುವಾಗಿ ಬರುತ್ತದೆ. ರಾಶಿ ಅಡಿಕೆ ಕ್ವಿಂಟಾಲಿಗೆ 48 ಸಾವಿರ ಇದ್ದದ್ದು 50 ಸಾವಿರಕ್ಕೆ ಏರಿತೆನ್ನಿ. ಕನಿಷ್ಠ, ಗರಿಷ್ಠಗಳ ಅಂತರ ಗರಿಷ್ಠದ ಆರನೇ ಒಂದು ಪಾಲಿಗಿಂತ ಕಡಿಮೆ ಇದ್ದರೆ ಎಕ್ಸೆಲ್ ಸೊನ್ನೆಯನ್ನು ಬಿಟ್ಟು ಮೇಲಿನಿಂದ ಶುರು ಮಾಡುತ್ತದೆ. ಆಕ್ಸಿಸ್ 47 ಸಾವಿರದಿಂದ ಹೊರಟರೆ ಎರಡನೇ ಕಂಬ ಮೊದಲನೆಯದರ ಮೂರು ಪಟ್ಟು ಎತ್ತರ ಕಾಣುತ್ತದೆ. ಏರಿರುವುದು ನೂರಕ್ಕೆ ನಾಲ್ಕು ಮಾತ್ರ. ಕಂಬದ ಚಾರ್ಟ್ ಸೊನ್ನೆಯಿಂದಲೇ ಶುರುವಾಗಬೇಕು. ಸಣ್ಣ ಏರಿಳಿತವನ್ನೇ ತೋರಿಸಬೇಕಿದ್ದರೆ ಗೆರೆಯ ಚಾರ್ಟ್ ತೆಗೆಯಲಿ, ಎಲ್ಲಿಂದ ಶುರು ಎಂದು ಕೆಳಗೆ ಬರೆಯಲಿ.

ಲಕ್ಕವಳ್ಳಿಯ ಭದ್ರಾ ಜಲಾಶಯದ್ದು ಮಾತ್ರ ಬೇರೆಯೇ ಕಥೆ. ಪೂರ್ಣ ಮಟ್ಟ 186 ಅಡಿ, ಸಾಮರ್ಥ್ಯ 71.5 ಟಿಎಂಸಿ. ಜಲಾಶಯ ಮೇಲೆ ಅಗಲ, ಕೆಳಗೆ ಕಿರಿದು. ಹಾಗಾಗಿ 150 ಅಡಿ ಎಂದರೆ ಐದರಲ್ಲಿ ನಾಲ್ಕು ಪಾಲು ನೀರಿದೆ ಎಂದಲ್ಲ, ಅದಕ್ಕಿಂತ ಬಹಳ ಕಡಿಮೆ. ಅಡಿಯ ಚಾರ್ಟನ್ನು ಸೊನ್ನೆಯಿಂದ ತೆಗೆದರೂ ಅದು ಸುಳ್ಳು ಧೈರ್ಯ ಕೊಡುತ್ತದೆ. ನಾಲೆಗೆ ನೀರು ಬಿಡುವ ಮಾತು ಬಂದಾಗ ಟಿಎಂಸಿಯ ಚಾರ್ಟನ್ನೇ ತೋರಿಸಬೇಕು.

ಚಾರ್ಟಿನ ಅಗಲ, ಎತ್ತರಗಳೂ ಮಾತಾಡುತ್ತವೆ. ಅದೇ ಗೆರೆಯನ್ನು ಅಡ್ಡಕ್ಕೆ ಎಳೆದರೆ ಏರು ಸಪ್ಪೆಯಾಗುತ್ತದೆ, ಉದ್ದಕ್ಕೆ ಎಳೆದರೆ ಕಡಿದಾಗುತ್ತದೆ. ಅಮೆರಿಕದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ಸಂಗಡಿಗರು 1988ರಲ್ಲಿ ಇದನ್ನು ಪರೀಕ್ಷಿಸಿ, ಗೆರೆಗಳ ಓರೆ ಸುಮಾರು 45 ಡಿಗ್ರಿ ಇದ್ದಾಗ ಕಣ್ಣು ಏರಿಳಿತವನ್ನು ಚೆನ್ನಾಗಿ ಹಿಡಿಯುತ್ತದೆ ಎಂದು ತೋರಿಸಿದರು. ವರ್ಡ್ ಪುಟದಲ್ಲಿ ಜಾಗ ಉಳಿದಿದೆಯೆಂದು ಚಾರ್ಟಿನ ಒಂದು ಬದಿ ಹಿಡಿದು ಎಳೆಯುವವರು ಇದನ್ನು ಗಮನಿಸಬೇಕು. ದೊಡ್ಡದು ಮಾಡಲೇಬೇಕಿದ್ದರೆ ಶಿಫ್ಟ್ ಒತ್ತಿಕೊಂಡು ಮೂಲೆ ಹಿಡಿದು ಎಳೆದರೆ ಅನುಪಾತ ಕೆಡುವುದಿಲ್ಲ.

ಇನ್ನೊಂದು ತೊಡಕು ಕನ್ನಡದ ಹೆಸರುಗಳದ್ದು. ಹತ್ತಾರು ಪಂಚಾಯಿತಿಗಳ ಹೆಸರು ಕಂಬಗಳ ಕೆಳಗೆ ಬಂದರೆ ಎಕ್ಸೆಲ್ ಅವನ್ನು ಓರೆಯಾಗಿಸಿಯೋ ನೆಟ್ಟಗೆ ನಿಲ್ಲಿಸಿಯೋ ತುರುಕುತ್ತದೆ. ಲಕ್ಕವಳ್ಳಿ, ಲಿಂಗದಹಳ್ಳಿ, ಅಜ್ಜಂಪುರ ಎಲ್ಲದರಲ್ಲೂ ಒತ್ತಕ್ಷರ; ಸಣ್ಣ ಅಕ್ಷರದಲ್ಲಿ ಓರೆಯಾಗಿ ನಿಂತ ಒತ್ತು ಝೆರಾಕ್ಸ್ ಪ್ರತಿಯಲ್ಲಿ ಮಸಿಯ ಚುಕ್ಕೆಯಾಗುತ್ತದೆ. ಇಂಥ ಕಡೆ ಅಡ್ಡ ಪಟ್ಟಿಯ ಬಾರ್ ಚಾರ್ಟ್ ಒಳ್ಳೆಯದು. ಹೆಸರುಗಳು ಎಡಕ್ಕೆ ನೇರವಾಗಿ ನಿಲ್ಲುತ್ತವೆ, ಒಳಗಿನ ಪ್ಲಾಟ್ ಏರಿಯಾವನ್ನು ಸ್ವಲ್ಪ ಬಲಕ್ಕೆ ಸರಿಸಿದರೆ ಪೂರ್ತಿ ಜಾಗವೂ ಸಿಗುತ್ತದೆ. ಪಟ್ಟಿಯ ಮೊದಲ ಊರು ತಳಕ್ಕೆ ಹೋಗಿ ಕೂರುತ್ತದೆ. ಕೆಟಗರೀಸ್ ಇನ್ ರಿವರ್ಸ್ ಆರ್ಡರ್ ಎಂಬಲ್ಲಿ ಟಿಕ್ ಹಾಕಿದರೆ ಮೇಲೆ ಬರುತ್ತದೆ.

ಕೊನೆಗೆ, ಮುದ್ರಣಕ್ಕೆ ಮುನ್ನ ನೋಡಲೇಬೇಕಾದ ಒಂದು ಸಂಗತಿ. ಎಕ್ಸೆಲ್‌ನಲ್ಲಿ ಚಾರ್ಟ್ ತನ್ನಷ್ಟಕ್ಕೆ ಸೆಲ್‌ಗಳಿಗೆ ಅಂಟಿಕೊಂಡಿರುತ್ತದೆ. ಕಾಲಂ ಅಗಲ ಮಾಡಿದರೆ ಅದೂ ಅಗಲವಾಗುತ್ತದೆ. ಸಾಲು ಮುಚ್ಚಿದರೆ ಕುಗ್ಗುತ್ತದೆ, ಮುಚ್ಚಿದ ಸಾಲಿನ ಅಂಕಿಯೂ ಚಾರ್ಟಿನಿಂದ ಮಾಯವಾಗುತ್ತದೆ. ಒಂದು ಊರಿನ ಮಳೆ ಹೀಗೆ ಯಾರಿಗೂ ಗೊತ್ತಾಗದೆ ಬಿಟ್ಟುಹೋಗಬಹುದು. ಪ್ರಾಪರ್ಟೀಸ್‌ನಲ್ಲಿ ಡೋಂಟ್ ಮೂವ್ ಆರ್ ಸೈಜ್ ವಿತ್ ಸೆಲ್ಸ್ ಆರಿಸಿಕೊಂಡರೆ ಗಾತ್ರ ನಿಲ್ಲುತ್ತದೆ. ಬಿಟ್ಟುಹೋದ ಊರನ್ನು ಮಾತ್ರ ಪಟ್ಟಿ ಹಿಡಿದು ಎಣಿಸಿಯೇ ಕಂಡುಹಿಡಿಯಬೇಕು.

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಪಂಚಾಯಿತಿಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವವರಿಗೆ ನಮ್ಮ ಕೋರಿಕೆ ಇಷ್ಟೆ: ಮುಂದಿನ ಗ್ರಾಮ ಸಭೆಗೆ ಮೂರೂ ತಾಲ್ಲೂಕಿನ ಮಳೆಯನ್ನು ಒಂದೇ ಎ4 ಹಾಳೆಯಲ್ಲಿ, ಒಂದೇ ಅಳತೆಯಲ್ಲಿ ತನ್ನಿ. ಯಾವ ಮಳೆಮಾಪಕ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬುದನ್ನು ಕೆಳಗೆ ದಪ್ಪಕ್ಷರದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಚ್ಚಿ.