ಸೂತ್ರಕ್ಕೂ ಮುಂಚೆ ದರ ಕಾಣಲಿ

‘ವೈ = ಎಂಎಕ್ಸ್ + ಸಿ’ ಎಂದು ನಮ್ಮ ಮಕ್ಕಳು ನಿದ್ದೆಗಣ್ಣಲ್ಲೂ ಒಪ್ಪಿಸುತ್ತಾರೆ; ಎಂ ಏನು, ಸಿ ಏನು ಎಂದರೆ ತಡವರಿಸುತ್ತಾರೆ. ಸೂತ್ರ ಮೊದಲು, ಅರ್ಥ ಆಮೇಲೆ ಎಂಬ ಪಾಠಕ್ರಮವೇ ಇದಕ್ಕೆ ಕಾರಣ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಿಲ್ಲದ ಮನೆಯ ವಿದ್ಯುತ್ ಬಿಲ್ ನೋಡಿ. ಬೀಗ ಹಾಕಿ ಊರಿಗೆ ಹೋದರೂ ನಿಗದಿತ ಶುಲ್ಕ ತಪ್ಪದು: ಅದು ಸಿ, ರೇಖೆ ವೈ-ಅಕ್ಷವನ್ನು ಕತ್ತರಿಸುವ ಜಾಗ. ಯೂನಿಟ್ಟಿಗೆ ಇಷ್ಟೆಂದು ಏರುವ ದರ ಎಂ, ಅಂದರೆ ಇಳಿಜಾರು. ಬೆಂಗಳೂರಿನ ಆಟೊ ದರ ಇನ್ನೂ ಸ್ವಾರಸ್ಯಕರ. 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18 (ಮೀಟರ್ ಹಾಕುವ ಆಟೊ ಸಿಕ್ಕರೆ!). ಇಲ್ಲಿ ಸಿ ಎಷ್ಟು? 36 ಎನ್ನಲು ಬಾಯಿ ತುರಿಸುತ್ತದೆ. ಆದರೆ 2 ಕಿ.ಮೀ. ನಂತರದ ರೇಖೆಯನ್ನು ಹಿಂದಕ್ಕೆ ಎಳೆದರೆ ಅದು ನೇರ ಸೊನ್ನೆಗೆ ಬಂದು ಸೇರುತ್ತದೆ. ಮೊದಲ 2 ಕಿ.ಮೀ.ಯಲ್ಲಂತೂ ಇಳಿಜಾರೇ ಸೊನ್ನೆ. 36 ಎಂಬ ತಪ್ಪು ಉತ್ತರವನ್ನು ತರಗತಿಯಲ್ಲಿ ಚರ್ಚಿಸಿದರೆ ಸಿಗುವ ತಿಳಿವಳಿಕೆ ಇಪ್ಪತ್ತು ಯಾಂತ್ರಿಕ ಲೆಕ್ಕಗಳಿಂದ ಸಿಗದು.

ಇದಕ್ಕೆಲ್ಲ ಸಮಯವೆಲ್ಲಿ, ಪರೀಕ್ಷೆ ಕೇಳುವುದು ಸೂತ್ರವನ್ನೇ ಎನ್ನುವವರಿದ್ದಾರೆ. ಅರ್ಥವಾಗದ ಸೂತ್ರವನ್ನು ಪ್ರತಿ ವರ್ಷ ಮತ್ತೆ ಕಲಿಸಲು ಹೋಗುವ ಸಮಯವನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ರೂಪಾಯಿ ಉದಾಹರಣೆಗೇ ಅಂಟಿಕೊಂಡರೆ ಅಮೂರ್ತ ಚಿಂತನೆ ಬೆಳೆಯದು ಎಂಬ ಆಕ್ಷೇಪ ಮಾತ್ರ ತೂಕದ್ದು. ಹಾಗಾಗಿಯೇ ಒಂದೇ ವೇಗದಲ್ಲಿ ಖಾಲಿಯಾಗುವ ನೀರಿನ ಟ್ಯಾಂಕಿನ ಮೂಲಕ ಋಣ ಇಳಿಜಾರನ್ನೂ ತೋರಿಸಿ, ಕೊನೆಗೆ ಉದಾಹರಣೆಗಳನ್ನು ಬಿಟ್ಟು ಬರೀ ರೇಖೆಗೆ ಬರಬೇಕು. ಶಿಕ್ಷಕರು ಬೋರ್ಡಿನ ಮೇಲೆ ಸೂತ್ರ ಬರೆಯುವುದನ್ನು ಒಂದು ಪೀರಿಯಡ್ ಮುಂದೂಡಲಿ. ಅಂದು ಮಕ್ಕಳು ಮನೆಯ ಬಿಲ್ ತರಲಿ.