ಓಟು ಯಾರ ಋಣವೂ ಅಲ್ಲ

ಹಾಸ್ಟೆಲಿನ ಗೆಳೆಯರೇ,

1977ರ ಲೋಕಸಭಾ ಚುನಾವಣೆಯ ಮಾತು ಬಂದಾಗಲೆಲ್ಲ ಒಂದು ಬೈಗುಳ ಕೇಳ್ತೀವಿ. ಉತ್ತರದವರು ತುರ್ತುಪರಿಸ್ಥಿತಿಯನ್ನು ಒದ್ದೋಡಿಸಿದರು, ಕರ್ನಾಟಕದವರು ಕಣ್ಣುಮುಚ್ಚಿ ಹಸು-ಕರುವಿಗೆ ಮುದ್ರೆ ಒತ್ತಿದರು ಅಂತ.

ಲೆಕ್ಕವೇನೋ ನಿಜ. ಉತ್ತರಪ್ರದೇಶದ 85ರಲ್ಲಿ, ಬಿಹಾರದ 54ರಲ್ಲಿ ಕಾಂಗ್ರೆಸ್ಸಿಗೆ ಒಂದು ಸೀಟೂ ಬರಲಿಲ್ಲ. ರಾಯ್‌ಬರೇಲಿಯಲ್ಲಿ ಇಂದಿರಾಗಾಂಧಿಯೇ ಸೋತರು. ಇಲ್ಲಿ 28ರಲ್ಲಿ 26 ಕಾಂಗ್ರೆಸ್ಸಿಗೆ. ಜನತಾಪಕ್ಷಕ್ಕೆ ಹಾಸನ, ಬೆಂಗಳೂರು ದಕ್ಷಿಣ ಎರಡೇ. ಮೀಸಲು ಕ್ಷೇತ್ರಗಳೆಲ್ಲ ಕಾಂಗ್ರೆಸ್ಸಿಗೇ.

ಆದರೆ 'ಕೇರಿಯವರಿಗೆ ಏನು ಗೊತ್ತು' ಅಂತ ಇದಕ್ಕೆ ಕಾರಣ ಕೊಡ್ತಾರಲ್ಲ, ಅದು ರಾಜಕೀಯದ ಮಾತಲ್ಲ. ಜಾತಿಯ ಬಾಯಿ.

ನಮ್ಮ ಅಪ್ಪ ಅವ್ವಂದಿರು ಕುರುಡರಾಗಿರಲಿಲ್ಲ. ಬಲವಂತದ ಸಂತಾನಹರಣ ಉತ್ತರದ ಹಳ್ಳಿಗಳನ್ನು ಹಿಂಡಿದಷ್ಟು ಇಲ್ಲಿ ಹಿಂಡಲಿಲ್ಲ. ದೇವರಾಜ ಅರಸರ ಸರ್ಕಾರ 1974ರಲ್ಲಿ ಗೇಣಿ ಪದ್ಧತಿಗೆ ಕೊಡಲಿ ಹಾಕಿತ್ತು. 1975ರಲ್ಲಿ ಹಾವನೂರು ವರದಿ ಬಂತು. 1976ರಲ್ಲಿ ಜೀತ ನಿಷೇಧದ ಕಾಯ್ದೆ, ಸಾಲ ಪರಿಹಾರದ ಕಾಯ್ದೆ ಬಂದವು. ಸಾಹುಕಾರನ ಮುಂದೆ ಬಗ್ಗಿಸಿದ ತಲೆಯನ್ನು ಒಂದಿಷ್ಟು ಎತ್ತಬಹುದು ಅನ್ನಿಸಿತು. ಎತ್ತಿದವರು ಓಟು ಹಾಕಿದರು.

ಹಾಗಂತ ಕಾಂಗ್ರೆಸ್ಸಿಗೆ ಜೈಕಾರ ಹಾಕೋಣವೇ? ಬೇಡ. ಗೇಣಿದಾರ ಫಾರಂ ನಂ. 7 ತುಂಬಿ ಹೊಲದ ಒಡೆಯನಾದ. ಗೇಣಿಯೂ ಇಲ್ಲದೆ ಇನ್ನೊಬ್ಬರ ಹೊಲದಲ್ಲಿ ಕೂಲಿಗೆ ಬೆವರು ಸುರಿಸಿದವನಿಗೆ ಆ ಫಾರಂನಲ್ಲಿ ಜಾಗವೇ ಇರಲಿಲ್ಲ. ಆ ಕೂಲಿಯವರಲ್ಲಿ ಬಹಳ ಮಂದಿ ನಮ್ಮವರು. ಓಟು ಕೊಟ್ಟೆವು, ಹೊಲ ಸಿಗಲಿಲ್ಲ. ಬೆಂಗಳೂರು ಜೈಲಿನಲ್ಲಿ ನರಳಿದ ಸ್ನೇಹಲತಾ ರೆಡ್ಡಿ ಹೊರಬಂದು 1977ರ ಜನವರಿಯಲ್ಲಿ ತೀರಿಕೊಂಡರು. ಅದನ್ನೂ ಮರೆಯಬಾರದು.

ಇನ್ನು, ಉತ್ತರದಲ್ಲಿ ಗೆದ್ದ ಪ್ರಜಾಪ್ರಭುತ್ವ ಯಾರನ್ನು ಕಾಪಾಡಿತು? ಮಾರ್ಚಿನಲ್ಲಿ ಜನತಾ ಸರ್ಕಾರ ಬಂತು. ಮೇ 27ಕ್ಕೆ ಬಿಹಾರದ ಬೆಲ್ಚಿಯಲ್ಲಿ 11 ಜನರನ್ನು ಕೊಂದು ಸುಟ್ಟರು. ಅವರಲ್ಲಿ ಹೆಚ್ಚಿನವರು ದಲಿತರು. ದಿಲ್ಲಿಯಲ್ಲಿ ಗದ್ದುಗೆ ಬದಲಾಯಿತು, ಹಳ್ಳಿಯ ಗೌಡಿಕೆ ಬದಲಾಗಲಿಲ್ಲ.

ಇನ್ನೂ ಕರ್ನಾಟಕದ ಮತದಾರ ಕುರಿ ಅನ್ನುವವರು ಈ ಲೆಕ್ಕವನ್ನೂ ನೋಡಲಿ. 1984ರ ಡಿಸೆಂಬರಿನಲ್ಲಿ ಲೋಕಸಭೆಗೆ 28ರಲ್ಲಿ 24 ಕಾಂಗ್ರೆಸ್ಸಿಗೆ ಕೊಟ್ಟರು. ಮೂರು ತಿಂಗಳೂ ಆಗಿರಲಿಲ್ಲ, 1985ರ ಮಾರ್ಚಿನಲ್ಲಿ ಅದೇ ಜನ ವಿಧಾನಸಭೆಯ 224ರಲ್ಲಿ 139 ಜನತಾಪಕ್ಷಕ್ಕೆ ಕೊಟ್ಟರು. ದಿಲ್ಲಿಗೊಂದು, ಬೆಂಗಳೂರಿಗೊಂದು ಅಂತ ತೂಗಿ ಹಾಕಿದವರು ಕುರಿಗಳೇ?

ನಮಗಿರುವ ರೋಗ ದಡ್ಡತನವಲ್ಲ, ಋಣದ ಭಾವ. 'ಅಮ್ಮ ಸೈಟು ಕೊಟ್ಟಳು, ಅವಳ ಉಪ್ಪು ತಿಂದೀವಿ' ಅನ್ನೋ ಮಾತು. ಯಾರ ಮನೆಯ ಉಪ್ಪು ಅದು? ಸರ್ಕಾರದ ಸೈಟು ನಮ್ಮದೇ ಬೆವರಿನ ದುಡ್ಡು. ರಾಜಕೀಯದಲ್ಲಿ ಭಕ್ತಿ ಹೊಕ್ಕರೆ ಕೊನೆಗೆ ಸರ್ವಾಧಿಕಾರವೇ ಅಂತ ಬಾಬಾಸಾಹೇಬರು 1949ರ ನವೆಂಬರ್ 25ರಂದೇ ಸಂವಿಧಾನಸಭೆಯಲ್ಲಿ ಎಚ್ಚರಿಸಿದ್ದರು. ತುರ್ತುಪರಿಸ್ಥಿತಿ ಅದನ್ನು ತೋರಿಸಿಕೊಟ್ಟಿತು.

ಗೆಳೆಯರೇ, ರಜೆಗೆ ಊರಿಗೆ ಹೋದಾಗ ಅವ್ವನ ಓಟನ್ನು ಹಂಗಿಸಬೇಡಿ. ಜಗಲಿ ಮೇಲೆ ಕೂತು ಕೇಳಿ: ಯಾರಿಗೆ ಹಾಕಿದೆ, ಏನು ಕೇಳಿದೆ, ಏನು ಬಂತು? ಆ ಲೆಕ್ಕ ಬರೆದಿಡಿ. ಮುಂದಿನ ಸಲ ಓಟು ಕೇಳಲು ಬಂದವನ ಮುಂದೆ ಅದನ್ನು ಓದಿ. ಕೈಮುಗಿಯಬೇಕಾದವನು ಅವನು, ನಾವಲ್ಲ.